ಸೆನ್ಸರ್ ಸತ್ತಿಲ್ಲ, ಅದರ ದೀಪ ಉರಿಯುತ್ತಿಲ್ಲ

ಪ್ರಶ್ನೆ: ಆಟಿಕೆ ಕಾರಿನ ಚಕ್ರದ ಸುತ್ತುಗಳನ್ನು ಎಣಿಸಲು ಟಿಸಿಆರ್‌ಟಿ 5000 ಸೆನ್ಸರನ್ನು (ಎದುರಿನ ವಸ್ತುವಿಗೆ ತಾಗಿ ಮರಳುವ ಬೆಳಕನ್ನು ಗುರುತಿಸುವ ಬಿಡಿಭಾಗ) ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಕೂರಿಸಿ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದೇನೆ. ಎಲ್‌ಇಡಿಗೆ 220 ಓಮ್, ಟ್ರಾನ್ಸಿಸ್ಟರ್ ಕಲೆಕ್ಟರಿಗೆ 10 ಕಿಲೋ ಓಮ್ ರೆಸಿಸ್ಟರ್ ಇದೆ. ಎದುರಿಗೆ ಬಿಳಿ ಕಾಗದ ಹಿಡಿದರೂ ಕಪ್ಪು ಕಾಗದ ಹಿಡಿದರೂ ರೀಡಿಂಗ್ (0ಯಿಂದ 1023ರವರೆಗಿನ ಅಂಕೆ) 1020ರಿಂದ ಕದಲುವುದಿಲ್ಲ. ಮೊಬೈಲ್ ಟಾರ್ಚ್ ಬಿಟ್ಟರೂ ಅಷ್ಟೇ. ಸೆನ್ಸರ್ ಬದಲಿಸಿದೆ, ಪ್ರೋಗ್ರಾಮನ್ನು ಎರಡು ಸಲ ಬರೆದೆ. ಹಾಂ, ಕಿಟಕಿಯ ಬಿಸಿಲಿಗೆ ಒಡ್ಡಿದಾಗ ಮಾತ್ರ 300ಕ್ಕೆ ಇಳಿದಿತ್ತು.

ಉತ್ತರ: ಬಿಸಿಲಿನ ಸಂಗತಿಯನ್ನು ಮರೆತು ನೆನಪಾದಂತೆ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಬೇಕಾಗಿದ್ದುದು ಅದೊಂದೇ ಸಾಲು. ಪ್ರೋಗ್ರಾಮನ್ನು ಇನ್ನು ಮುಟ್ಟಬೇಡಿ.

ಈ ಪುಟ್ಟ ಪೆಟ್ಟಿಗೆಯೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಗಗಳಿವೆ. ನೀಲಿ ಛಾಯೆಯದು ಕಣ್ಣಿಗೆ ಕಾಣದ ಬೆಳಕು ಚೆಲ್ಲುವ ಇನ್‌ಫ್ರಾರೆಡ್ ಎಲ್‌ಇಡಿ, ಕಪ್ಪನೆಯದು ಆ ಬೆಳಕು ಬಿದ್ದಾಗ ಕರೆಂಟ್ ಹರಿಯಬಿಡುವ ಫೋಟೊ ಟ್ರಾನ್ಸಿಸ್ಟರ್. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುವುದರಿಂದ ಟ್ರಾನ್ಸಿಸ್ಟರ್ ಎಚ್ಚೆತ್ತಿತು, ರೀಡಿಂಗ್ ಇಳಿಯಿತು. ಅಂದರೆ ಆ ಬದಿಯ ವೈರಿಂಗ್ ಸರಿಯಿದೆ. ನಿಮ್ಮನ್ನು ದಾರಿ ತಪ್ಪಿಸಿದ್ದು ಟಾರ್ಚ್: ಅದರ ಬಿಳಿ ಬೆಳಕಿನಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ, ಕಣ್ಣಿಗೆ ಕಾಣುವ ಬೆಳಕನ್ನು ಆ ಕಪ್ಪು ಕವಚ ಒಳಗೆ ಬಿಡುವುದಿಲ್ಲ. ನಂಬಿಕೆ ಬಾರದಿದ್ದರೆ ಟಿವಿ ರಿಮೋಟ್ ಒತ್ತಿ ನೋಡಿ, ರೀಡಿಂಗ್ ಕುಣಿಯುತ್ತದೆ.

ಹಾಗಾದರೆ ಕೆಟ್ಟಿರುವುದು ಎಲ್‌ಇಡಿ ಬದಿ. ಮಲ್ಟಿಮೀಟರಿನ ಕಡ್ಡಿಗಳನ್ನು ಎಲ್‌ಇಡಿಯ ಎರಡು ಕಾಲುಗಳಿಗೇ ಇಡಿ. ಸುಮಾರು 1.2 ವೋಲ್ಟ್ ಬಂದರೆ ಅದು ಉರಿಯುತ್ತಿದೆ. ಪೂರ್ತಿ 5 ವೋಲ್ಟ್ ಬಂದರೆ ಕರೆಂಟ್ ಹರಿಯುತ್ತಿಲ್ಲ: ಕಾಲುಗಳು ತಿರುಗುಮುರುಗಾಗಿವೆ, ಇಲ್ಲವೇ ಎಲ್‌ಇಡಿ ಸುಟ್ಟಿದೆ. ಹೊಸ ಸೆನ್ಸರಿನಲ್ಲೂ ಇದೇ ಪಾಡು ಎಂದರೆ ಕಾಲುಗಳು ತಿರುಗುಮುರುಗಾಗಿವೆ ಎನ್ನುವುದಕ್ಕೇ ನನ್ನ ಮತ. ತಯಾರಕರ ಡೇಟಾಶೀಟಿನ ಚಿತ್ರ ಸೆನ್ಸರನ್ನು ಮೇಲಿನಿಂದ ತೋರಿಸುತ್ತದೆ. ನಾವು ಅದನ್ನು ಮಗುಚಿ ಹಿಡಿದು ಕಾಲು ಎಣಿಸುತ್ತೇವೆ, ಎಡ ಬಲವಾಗುತ್ತದೆ. ನಾನೂ ಒಂದು ಸಂಜೆಯನ್ನು ಹೀಗೇ ಕಳೆದಿದ್ದೇನೆ.

ಸೊನ್ನೆ ಬಂದರೆ ಬ್ರೆಡ್‌ಬೋರ್ಡನ್ನು ಅನುಮಾನಿಸಿ. ಉದ್ದನೆಯ ಹಲವು ಬೋರ್ಡುಗಳಲ್ಲಿ ಅಂಚಿನ ಕೆಂಪು ಗೆರೆ ನಡುವೆ ತುಂಡಾಗಿರುತ್ತದೆ. ಅಲ್ಲಿ ಒಳಗಿನ ಲೋಹದ ಪಟ್ಟಿಯೂ ತುಂಡಾಗಿದೆ ಎಂದೇ ಅರ್ಥ. ಒಂದು ಚಿಕ್ಕ ತಂತಿಯಿಂದ ಎರಡೂ ಕಡೆ ಸೇರಿಸಿದರೆ ಮುಗಿಯಿತು.

ದೀಪ ಉರಿದ ಮೇಲೆ ಚಕ್ರವನ್ನು ಸೆನ್ಸರಿನಿಂದ 2ರಿಂದ 3 ಮಿಲಿಮೀಟರ್ ದೂರದಲ್ಲಿಡಿ. ಸುತ್ತು ಎಣಿಸಲು ಚಕ್ರದ ಮೇಲೆ ಬೇಕಾದ ಕಪ್ಪು ಪಟ್ಟೆಯನ್ನು ಮಾರ್ಕರಿನಿಂದ ಬಳಿಯಬೇಡಿ. ಎಷ್ಟೋ ಮಾರ್ಕರ್ ಶಾಯಿಗಳು ನಮಗೆ ಕಪ್ಪು, ಇನ್‌ಫ್ರಾರೆಡ್‌ಗೆ ಪಾರದರ್ಶಕ. ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿ ಅಂಟಿಸಿ; ಟೋನರಿನಲ್ಲಿರುವ ಇಂಗಾಲ ಇನ್‌ಫ್ರಾರೆಡ್ಡನ್ನು ಚೆನ್ನಾಗಿ ಹೀರುತ್ತದೆ.