ಹೊಗೆಗೆ ದುಡ್ಡು ಯಾರು ಕೊಡಬೇಕು?

ಪ್ರಶ್ನೆ: ನಮ್ಮನೆ ಮಂಡಕ್ಕಿ ಭಟ್ಟಿ ಪಕ್ಕದಲ್ಲೇ ಐತೆ ಸಾರ್, ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಮಸಿ ಮಸಿ. ಕೋರ್ಟಿಗೆ ಹೋಗೋಣ ಅಂದ್ರೆ ಬಿ.ಕಾಂ. ಓದೋ ಮಗ, ‘ಅಪ್ಪಾ, ಎಕನಾಮಿಕ್ಸ್ ಪ್ರಕಾರ ತಪ್ಪು ಬರೀ ಅವರದ್ದಲ್ಲ, ನಮ್ಮದೂ ಐತೆ’ ಅಂತಾನೆ. ಇದ್ಯಾವ ನ್ಯಾಯ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗನ್ನ ಬೈಬೇಡ್ರಿ, ಅವನು ಹೇಳ್ತಿರೋದು ರೊನಾಲ್ಡ್ ಕೋಸ್ ಅನ್ನೋ ಅರ್ಥಶಾಸ್ತ್ರಜ್ಞ 1960ರಲ್ಲಿ ಬರೆದಿದ್ದು, 1991ರಲ್ಲಿ ಆತನಿಗೆ ನೊಬೆಲ್ಲೂ ಬಂತು. ಆತ ಎತ್ತಿಕೊಂಡ ಒಂದು ಕೇಸು ಹೆಚ್ಚುಕಮ್ಮಿ ನಿಮ್ಮದೇ. ಲಂಡನ್ನಲ್ಲಿ ಒಬ್ಬ ಮಿಠಾಯಿ ಮಾಡೋನು, ಇಪ್ಪತ್ತು ವರ್ಷಕ್ಕೂ ಮೇಲೆ ಒರಳಲ್ಲಿ ಕುಟ್ಕೊಂಡು ಬಂದಿದ್ದ, ಯಾರದ್ದೂ ತಕರಾರಿಲ್ಲ, ಆಮೇಲೆ ಹಿತ್ತಲ ಕಡೆ ಮನೆ ಡಾಕ್ಟ್ರು ಅವನ ಗೋಡೆಗೇ ಒತ್ತಿ ರೋಗಿಗಳನ್ನ ನೋಡೋ ರೂಮು ಕಟ್ಟಿಸಿದ್ರು, ಕುಟ್ಟೋ ಸದ್ದಲ್ಲಿ ಎದೆ ಪರೀಕ್ಷೆ ಮಾಡೋಕಾಗ್ತಿಲ್ಲ ಅಂತ ಕೋರ್ಟಿಗೆ ಹೋದ್ರು. 1879ರಲ್ಲಿ ಡಾಕ್ಟ್ರೇ ಗೆದ್ರು. ಆ ರೂಮು ಅಲ್ಲಿ ಕಟ್ಟದಿದ್ರೆ ಜಗಳ ಎಲ್ಲಿರ್ತಿತ್ತು ಅನ್ನೋದು ಕೋಸ್ ವಾದ. ಮಾತುಕತೆಗೆ ಖರ್ಚೇ ಇಲ್ಲ ಅಂದ್ರೆ ತೀರ್ಪು ಯಾರ ಕಡೆ ಆದ್ರೂ, ಯಾರಿಗೆ ಹೆಚ್ಚು ಗಿಟ್ಟುತ್ತೋ ಅವ್ರು ಇನ್ನೊಬ್ಬರಿಗೆ ದುಡ್ಡು ಕೊಟ್ಟು ತಮ್ಮ ಕೆಲಸ ನಡೆಸ್ಕೊಂತಾರಂತೆ.

ಲೆಕ್ಕ ಸರಿನೇ. ಆದ್ರೆ ದುಡ್ಡು ಯಾರ ಜೇಬಿಂದ ಯಾರ ಜೇಬಿಗೆ ಹೋಗಬೇಕು ಅನ್ನೋದನ್ನ ಆ ಲೆಕ್ಕ ಹೇಳಲ್ಲ, ನಿಮ್ಮ ಪ್ರಶ್ನೆ ಇರೋದೇ ಅಲ್ಲಿ. ಹೊಗೆ ನಿಲ್ಲಿಸೋಕೆ ಎಷ್ಟು ಕೊಡ್ತೀರಿ ಅಂದ್ರೆ ನೀವು ಸಾವಿರ ಅಂದೀರಿ, ಬಂಗಲೆಯೋರು ಲಕ್ಷ ಅಂದಾರು, ಹಂಗಂತ ನಿಮ್ಮ ಉಸಿರು ಅಗ್ಗನಾ? ಮಾತುಕತೆಗೆ ಖರ್ಚಿಲ್ಲ ಅನ್ನೋದಂತೂ, ಒಂದು ಓಣಿಯೋರನ್ನೆಲ್ಲ ಒಂದು ಕಟ್ಟೆ ಮೇಲೆ ಕೂರ್ಸಿ ನೋಡ್ರಿ ಗೊತ್ತಾಗುತ್ತೆ. (ನಿಜದಲ್ಲಿ ಆ ಖರ್ಚು ಇದ್ದೇ ಇರುತ್ತೆ, ಅದಕ್ಕೇ ಕಾನೂನು ಯಾರ ಕಡೆ ಅನ್ನೋದು ಮುಖ್ಯ ಆಗುತ್ತೆ ಅಂತ ಕೋಸೇ ಬರೆದಿದ್ದಾನೆ, ಕ್ಲಾಸಲ್ಲಿ ಆ ಪುಟ ಬಿಟ್ಟಿರ್ತಾರೆ.)

ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡೋ ಕಾರ್ಖಾನೆಗಳ ಕೇಸಲ್ಲಿ, ಕೆಡಿಸಿದೋರೇ ತೆರಬೇಕು ಅನ್ನೋದು ಈ ದೇಶದ ಕಾನೂನು ಅಂತ ಹೇಳಿಬಿಟ್ಟಿದೆ. ಹಂಗಾಗಿ ತೂಕ ನಿಮ್ಮ ಕಡೆನೇ. ಆದ್ರೂ ಭಟ್ಟಿ ಮುಚ್ಸಿ ಅಂತ ಕೇಳಬೇಡ್ರಿ, ಬಿಸಿ ಮರಳಲ್ಲಿ ಅಕ್ಕಿ ಹುರಿಯೋನು ಆ ಹೊಗೆನ ನಿಮಗಿಂತ ಮೊದಲು ಕುಡೀತಾನೆ, ಕೂಲಿ ಹೋದ್ರೆ ಅವನಿಗೆ ಯಾರು ತೆರ್ತಾರೆ? ಎತ್ತರದ ಚಿಮಣಿ ಕೇಳಿ, ಖರ್ಚು ಮಾಲೀಕರದ್ದು. ಅಲ್ಲಿವರೆಗೂ ಪಂಚೆ ಮಗನೇ ಒಗೀಲಿ.