ಮಗು ಬಂದಮೇಲೆ ಸೊನ್ನೆ ಕರೆಂಟ್ ಬಿಲ್ ಹೋಗಿ ಪೂರ್ತಿ ಬಿಲ್ ಯಾಕೆ ಬಂತು ಅಂತ ಕೇಳಿದ್ದಕ್ಕೆ ಉತ್ತರ

ನೀವು ಆ ತಿಂಗಳು 200 ಯೂನಿಟ್ ದಾಟಿರಬೇಕು. ಗೃಹಜ್ಯೋತಿಯಲ್ಲಿ (ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ) ನಿಮ್ಮ ಮನೆಗೆ ಗೊತ್ತುಮಾಡಿದ ಉಚಿತ ಮಿತಿ ಮೀರಿಯೂ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಮೊದಲು ಬಿಲ್‌ನಲ್ಲಿ ಬಳಸಿದ ಯೂನಿಟ್ ನೋಡಿ. ನನ್ನ ಅನುಮಾನ ಗೀಸರ್ ಮೇಲೆ. ಹಳೇ ಫ್ರಿಜ್ ಕೂಡ ಇರಬಹುದು, ಆದರೆ ಅದು ಮಗು ಬರುವ ಮುಂಚೆಯೂ ಇತ್ತು ಅಲ್ವಾ? 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ 1 ಯೂನಿಟ್. ಬಾಣಂತಿ ಸ್ನಾನ, ಮಗುವಿನ ಸ್ನಾನ, ಬಟ್ಟೆ ಅಂತ ದಿನಕ್ಕೆ ಎರಡು ಗಂಟೆ ಕಾದರೆ ತಿಂಗಳಿಗೆ 120! ಎಲ್ಲರ ಸ್ನಾನ ಒಂದರ ಹಿಂದೊಂದು ಮುಗಿಸಿ ಸ್ವಿಚ್ ಆರಿಸಿ. ಬಟ್ಟೆಗೆ ತಣ್ಣೀರು ಸಾಕು.

ಆಮೇಲೆ ಪ್ರತಿ ಭಾನುವಾರ ಮೀಟರ್ ಓದಿ ಬರೆದಿಡಿ. ವಾರಕ್ಕೆ 45 ಮೀರದಿದ್ದರೆ 200ರೊಳಗೆ ಇರುತ್ತೀರಿ. ಆದರೂ ಇಳಿಯದಿದ್ದರೆ ಮನೆಯಲ್ಲಿ ಎಲ್ಲವನ್ನೂ ಆರಿಸಿ ಮೀಟರ್ ನೋಡಿ. ಆಗಲೂ ಓಡುತ್ತಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ.