ಪುಣೆಗೆ ಕೆಲಸ ಹುಡುಕಿ ಬರುವ ತಂಗಿಗೆ

ತಂಗಿ, ಗದಗಿನಲ್ಲಿ ಬಿ.ಕಾಂ. ಮುಗಿಸಿ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡುತ್ತಿದ್ದೇನೆ ಅಂತ ಬರೆದಿದ್ದೀಯ. ಪುಣೆಯಲ್ಲಿ ಈಗ ರೆಸ್ಯೂಮೆಯನ್ನು ಎಐ ಓದುತ್ತದಂತೆ, ಡಿಗ್ರಿಗಿಂತ ಕೌಶಲ ನೋಡುತ್ತಾರಂತೆ, ಸಣ್ಣ ಕಾಲೇಜಿನವಳಿಗೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಸಿಗುತ್ತದೆ. ನಾನು ಪುಣೆಯ ಖರಾಡಿಯಲ್ಲಿ, ಕಂಪನಿಗೆ ಜನರನ್ನು ಆರಿಸುವ ಎಚ್‌ಆರ್ ಕೆಲಸದಲ್ಲೇ ಇರುವುದರಿಂದ ಧೈರ್ಯವಾಗಿ ಹೇಳುತ್ತೇನೆ.

ದೊಡ್ಡ ಕಂಪನಿಗಳಿಗೆ ಒಂದೊಂದು ಹುದ್ದೆಗೂ ರಾಶಿ ಅರ್ಜಿ ಬರುತ್ತವೆ. ಸಾಫ್ಟ್‌ವೇರ್ ಅವನ್ನು ಓದಿ, ಹುದ್ದೆಗೆ ಬೇಕಾದ್ದರ ಜೊತೆ ಹೋಲಿಸಿ, ಮೇಲೆ ಕೆಳಗೆ ಜೋಡಿಸುತ್ತದೆ. ಆಮೇಲೆ ನಾವು ಕೂತು ಓದುತ್ತೇವೆ. ‘ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ’ ಅಂತ ಬರೆದರೆ ಅದಕ್ಕೂ ಏನೂ ತಿಳಿಯಲ್ಲ, ನಮಗೂ ತಿಳಿಯಲ್ಲ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಮಾಡಿದ್ದೀಯಾ? ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1, 3ಬಿ ತುಂಬಿದ್ದೀಯಾ? ಬ್ಯಾಂಕ್ ಸ್ಟೇಟ್‌ಮೆಂಟಿಗೆ ಲೆಕ್ಕ ತಾಳೆ ಹಾಕಿದ್ದೀಯಾ? ಹಾಗಂತಲೇ ಬರೆ. ಎರಡು ಕಾಲಂ, ಬಣ್ಣದ ಪಟ್ಟಿ, ಚಿತ್ರ ಬೇಡ. ಸಾಫ್ಟ್‌ವೇರ್ ಓದುವಾಗ ಸಾಲುಗಳು ಕಲಸಿಹೋಗಬಹುದು. ಸಾಫ್ಟ್‌ವೇರಿಗೆ ಮಾತ್ರ ಕಾಣುವ ಹಾಗೆ, ಹುದ್ದೆಗೆ ಬೇಕಾದ ಪದಗಳನ್ನು ಬಿಳಿ ಅಕ್ಷರದಲ್ಲಿ ಅಡಗಿಸಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಅದು ಮೋಸ, ಸಿಕ್ಕಿಬೀಳುವುದೂ ಸುಲಭ.

ಡಿಗ್ರಿ ಬೇಕಾಗೇ ಇಲ್ಲ ಅನ್ನುವುದು ಮಾತ್ರ ಪೂರ್ತಿ ನಿಜ ಅಲ್ಲ. ಜಾಹೀರಾತಿನಿಂದ ಡಿಗ್ರಿಯ ಸಾಲು ತೆಗೆದರೂ, ಕಾಲೇಜಿನ ಹೆಸರು ನೋಡುವ ಮ್ಯಾನೇಜರ್‌ಗಳು ಇದ್ದಾರೆ. ನಿನ್ನಂಥವರಿಗೆ ನಿಜವಾದ ಬಾಗಿಲು ಅಂದರೆ ಪರೀಕ್ಷೆ. ಎಕ್ಸೆಲ್ ಶೀಟ್ ಕೊಟ್ಟು ತಪ್ಪು ಹುಡುಕು ಅನ್ನುತ್ತಾರೆ. ಅಂಗಡಿಯ ಲೆಕ್ಕ ಹಿಡಿದವಳು ಅಲ್ಲಿ ಎಷ್ಟೋ ಜನರಿಗಿಂತ ಮುಂದಿರುತ್ತಾಳೆ. ಎಕ್ಸೆಲ್‌ನಲ್ಲಿ ಲೆಕ್ಕ ಒಟ್ಟುಗೂಡಿಸುವ ಪಿವೋಟ್ ಟೇಬಲ್, ಒಂದು ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ವಿ-ಲುಕಪ್ ಈಗಲೇ ಕೈಗೆ ರೂಢಿ ಮಾಡಿಕೋ.

ಹೆಣ್ಣುಮಗಳಾಗಿ ಇದೂ ಗೊತ್ತಿರಲಿ. ಅಮೆಜಾನ್ ತನಗೆ ಬಂದಿದ್ದ 10 ವರ್ಷದ ರೆಸ್ಯೂಮೆಗಳಿಂದ, ಅರ್ಜಿದಾರರನ್ನು ಆರಿಸುವುದನ್ನು ಒಂದು ಎಐಗೆ ಕಲಿಸಿತ್ತು. ಅವುಗಳಲ್ಲಿ ಗಂಡಸರದೇ ಜಾಸ್ತಿ. ಹಾಗಾಗಿ ಹೆಂಗಸರ ಸಂಘ, ಹೆಂಗಸರ ಕಾಲೇಜು ಅಂತ ಇದ್ದ ರೆಸ್ಯೂಮೆಗಳನ್ನು ಅದು ಕೆಳಗೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ನ್ಯೂಯಾರ್ಕ್ ನಗರದಲ್ಲಿ 2023ರಿಂದ ಇಂಥ ಸಾಫ್ಟ್‌ವೇರ್ ಬಳಸುವ ಕಂಪನಿಗಳು ಪಕ್ಷಪಾತದ ತಪಾಸಣೆ ಮಾಡಿಸಲೇಬೇಕು. ನಮ್ಮ ದೇಶದಲ್ಲೂ ಅದು ಕಡ್ಡಾಯ ಆಗಬೇಕು. ಒಂದು ಕಡೆ ಉತ್ತರ ಬರಲಿಲ್ಲ ಅಂತ ನಿನ್ನ ಯೋಗ್ಯತೆಯನ್ನೇ ಅನುಮಾನಿಸಬೇಡ.

ಐಟಿ ಕಂಪನಿಗಳಿರುವ ಹಿಂಜೆವಾಡಿ, ಖರಾಡಿ ಮಾತ್ರ ನೋಡಬೇಡ. ಭೋಸರಿ, ಚಾಕಣ್ ಕಡೆಯ ಕಾರ್ಖಾನೆಗಳಿಗೂ ಲೆಕ್ಕ ಬಲ್ಲವರು ಬೇಕು. ಸಣ್ಣ ಕಡೆ ಇನ್ನೂ ಮನುಷ್ಯರೇ ರೆಸ್ಯೂಮೆ ಓದುತ್ತಾರೆ. ಅಲ್ಲಿ ಮರಾಠಿ ಬೇಕು, ಈಗಿನಿಂದಲೇ ನಾಲ್ಕು ಮಾತು ಕಲಿ. ಮನೆ ಮಾತ್ರ ಕೆಲಸ ಸಿಕ್ಕ ಮೇಲೆ ಹಿಡಿ, ಹಿಂಜೆವಾಡಿ ಟ್ರಾಫಿಕ್‌ನಲ್ಲಿ ದಿನಾ ಊರು ದಾಟುವುದು ಕಷ್ಟ. ಬಾಡಿಗೆ ಕರಾರು ಇಲ್ಲಿ ಸಾಮಾನ್ಯವಾಗಿ 11 ತಿಂಗಳಿಗೆ. ನೋಂದಣಿ ಕಡ್ಡಾಯ, ಮಾಲೀಕರು ಬೇಡ ಅಂದರೂ ಬಿಡಬೇಡ.

ಕೆಲಸ ಕೊಡಿಸಲು ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡ. ಹೊರಡುವ ಮೊದಲು ಅಂಗಡಿಯ ಮಾಲೀಕರಿಂದ, ನೀನು ಏನೇನು ಮಾಡುತ್ತಿದ್ದೆ ಅಂತ ಬಿಡಿಸಿ ಬರೆದ ಪತ್ರ ತೆಗೆದುಕೋ. ರೆಸ್ಯೂಮೆ ಆದ ಮೇಲೆ ನನಗೆ ಕಳಿಸು, ಓದಿ ಹೇಳುತ್ತೇನೆ.